ಹರಡಿನ ಮೂಳೆ

ಕುರಿಯ ಹಿಂಗಾಲಿನ ಹರಡಿನಲ್ಲಿ
ಹೆಬ್ಬೆರಳಷ್ಟು ಒಂದು ಮೂಳೆ.
ಅದಕ್ಕೆ ನಾಲ್ಕು ಮೈ:
ಕುದುರೆ, ಒಂಟೆ, ಕುರಿ, ಮೇಕೆ.
ನನ್ನ ಲಾರಿಯ ಗಾಜಿನ ಕೆಳಗೆ
ಕಲ್ಲಿದ್ದಲ ಧೂಳಿನಲ್ಲಿ ಕೂತಿದೆ ಒಂದು,
ಅಜ್ಜಿ ದುಲ್ಮಾ ಬಿಟ್ಟುಹೋದ ಆಸ್ತಿಯಲ್ಲಿ
ಮಾರಲಾಗದೆ ಉಳಿದದ್ದು.

ಗೋಬಿಯ ಗಡಿಯಲ್ಲಿ ಇದು ಮೂರನೆಯ ದಿನ.
ಮುಂದೆ ಲಾರಿ, ಹಿಂದೆ ಲಾರಿ,
ಕಣ್ಣು ಹೋದಷ್ಟು ದೂರ ಲಾರಿಯ ಬಾಲ.
ಥರ್ಮಾಸಿನಲ್ಲಿ ಉಪ್ಪು ಹಾಕಿದ ಹಾಲುಚಹಾ
ತಣ್ಣಗಾಗಿ ಕೆನೆ ಕಟ್ಟಿದೆ.
ಇಂಥ ಹೊತ್ತಲ್ಲೇ ಬರುವುದು
ಇಲ್ಲಿಗೆ ಹೇಗೆ ಬಂದೆ ಅನ್ನುವ ಪ್ರಶ್ನೆ.

ನಾನು ಹುಟ್ಟಿದ್ದು ಜುಡ್ ಬಿದ್ದ ವರ್ಷ.
ಹುಲ್ಲಿನ ಮೇಲೆ ಹಿಮ, ಹಿಮದ ಮೇಲೆ ಗಡ್ಡೆಯ ಬೀಗ,
ಬೀಗದ ಮೇಲೆ ಕುರಿಗಳ ಮೂತಿ.
ನಾನೂರು ಕುರಿ ನಿಂತಲ್ಲೇ ಮರಗಟ್ಟಿದವು.
ಹುಡುಗಿಯ ಕಾಲ್ಗುಣ, ಎಂದರು ಸುತ್ತಲಿನವರು.
ನನ್ನ ಹೆಸರು ನಾರ್ಮಂದಾಖ್, ಸೂರ್ಯೋದಯ,
ಅದನ್ನೂ ಹೇಳಿ ನಕ್ಕರು.
ಅಜ್ಜಿ ಒಲೆಗೆ ಒಣಸಗಣಿ ತುರುಕುತ್ತ ಅಂದಳಂತೆ:
ಸತ್ತ ಕುರಿಗಳದ್ದು ಸಾವಿರದ ಆರುನೂರು ಕಾಲು.
ಅಷ್ಟೂ ಬಿಟ್ಟು ನಿಮಗೆ ಕಂಡದ್ದು
ಇನ್ನೂ ನೆಲ ಮುಟ್ಟದ ಈ ಎರಡೇ?

ನನಗೆ ಒಂಬತ್ತಾದಾಗ ಮತ್ತೆ ಜುಡ್.
ಹೆಪ್ಪುಗಟ್ಟಿದ ಹೊಳೆ ದಾಟಿ ದಕ್ಷಿಣಕ್ಕೆ ಹೋಗುವುದೋ,
ಇದ್ದಲ್ಲೇ ಇದ್ದು ಬಂದದ್ದು ಬರಲಿ ಎನ್ನುವುದೋ.
ಅಜ್ಜಿ ನಾಲ್ಕು ಮೂಳೆ ಅಂಗೈಯಲ್ಲಿ ಉಜ್ಜಿ
ಉಸಿರು ಊದಿ ಕಂಬಳಿಯ ಮೇಲೆ ಚೆಲ್ಲಿದಳು.
ಕುರಿ. ಕುದುರೆ. ಕುರಿ.
ನಾಲ್ಕನೆಯದು ಉರುಳಿ ಉರುಳಿ
ತಗಡಿನ ಒಲೆಯ ಕಾಲಿಗೊರಗಿ ನಿಂತಿತು
ಓರೆಯಾಗಿ. ಯಾವ ಮೈಯೂ ಅಲ್ಲ.
ಆಚೆ ಬಿದ್ದರೆ ಕುದುರೆ, ಈಚೆ ಬಿದ್ದರೆ ಮೇಕೆ.
ಇನ್ನೊಮ್ಮೆ ಹಾಕು, ಅಂದ ಅಪ್ಪ.
ಬೇಡ, ಅಂದಳು ಅಜ್ಜಿ,
ಅದೂ ಯೋಚಿಸುತ್ತಿದೆ, ಬಿಡು.
ನಾವೆಲ್ಲ ಉಸಿರು ಹಿಡಿದು ಮಲಗಿದೆವು,
ನಮ್ಮುಸಿರಿಗೇ ಎಲ್ಲಿ ಬಿದ್ದುಬಿಡುತ್ತದೋ ಎಂದು.

ಬೆಳಗ್ಗೆ ಉಚ್ಚೆಗೆಂದು ಹೊರಗೆ ಹೋದವಳು ಕಂಡೆ:
ಗುಡಾರದ ಹಗ್ಗಗಳ ಗಂಟು ಆಗಲೇ ಸಡಿಲ.
ಬಿಚ್ಚಿದ ಸುರುಳಿಯೊಳಗೆ ಕೂತಿತ್ತು
ಮೊನ್ನೆಯ ಹಿಮ.
ಮೂಳೆ ಎಸೆದದ್ದು ನಿನ್ನೆ ರಾತ್ರಿ.
ಯಾರಿಗೂ ಹೇಳಲಿಲ್ಲ ನಾನು.

ಹೊರಟೆವು. ಕಥೆ ಕೇಳುವವರು ಇಲ್ಲಿಗೆ ಬಂದರೆ
ಗೆದ್ದಿರಾ, ಅನ್ನುತ್ತಾರೆ.
ಅರ್ಧ ಮಂದೆ ಹೊಳೆಯ ಮೇಲೇ ಮಲಗಿತು.
ಹೋಗದೆ ಉಳಿದ ಪಗ್ವಾನ ಮಂದೆಯೂ
ಸರಿಯಾಗಿ ಅರ್ಧ.
ಲೆಕ್ಕ ಬರೆದರೆ ಎರಡು ಪುಟವೂ ಒಂದೇ.
ಆದರೆ ಪಗ್ವಾ ಬದುಕಿರುವಷ್ಟು ಕಾಲ
ಆಕಾಶವನ್ನು ಬೈದ.
ಅಜ್ಜಿ ಬೈದದ್ದು ತನ್ನನ್ನೇ,
ಅದೂ ಹೆಸರು ಹಿಡಿದು, ಜೋರಾಗಿ,
ಬೈದು ಮುಗಿಸಿ ಹಾಲು ಕರೆಯಲು ಎದ್ದಳು.

ಅವಳ ಕೊನೆಯ ವಸಂತದಲ್ಲಿ ಕೇಳಿಯೇಬಿಟ್ಟೆ:
ಗಂಟು ಮೊದಲೇ ಬಿಚ್ಚಿದವಳು ಮೂಳೆ ಯಾಕೆ ಎಸೆದೆ?
ನಿಮ್ಮಪ್ಪನಿಗೆ ನನ್ನ ಮಾತಿಗಿಂತ
ಮೂಳೆಯ ಮಾತು ರುಚಿ, ಅಂದಳು.
ಆಮೇಲೆ ತುಸು ತಡೆದು:
ನನಗೂ ಹೆದರಿಕೆ ಇತ್ತು ಮಗಳೇ.
ಒಬ್ಬಳೇ ಹೊರಲಾರದ್ದಕ್ಕೆ ಇನ್ನೊಂದು ಹೆಗಲು ಬೇಕಲ್ಲ.
ಎಷ್ಟೆಂದರೂ ಅದು ನಡೆದ ಕಾಲಿನ ಮೂಳೆ,
ದಾರಿ ನನಗಿಂತ ಚೆನ್ನಾಗಿ ಕಂಡದ್ದು.

ಕುರಿ ಕಾಯಲು ಒಲ್ಲೆ ಎಂದದ್ದು ನಾನು.
ಗಣಿ ಬಂದದ್ದು ನನ್ನಿಂದಲ್ಲ.
ಲೈಸೆನ್ಸಿಗೆ ಸಾಲು ನಿಂತದ್ದು ನಾನು.
ರಸ್ತೆ ಈ ಕಡೆಗೇ ಹರಿದದ್ದು ಯಾರ ಲೆಕ್ಕಕ್ಕೆ?
ಇವುಗಳ ನಡುವೆ ಗೆರೆ ಎಳೆಯಹೋದರೆ
ಗೋಬಿಯ ಮರಳಲ್ಲಿ ಎಳೆದಂತೆ;
ಒಂದು ಬಟ್ಟಲು ಚಹಾ ಕುಡಿಯುವಷ್ಟು ಹೊತ್ತು
ಗಾಳಿ ಬಿಟ್ಟರೆ ಹೆಚ್ಚು.

ಹಿಂದಿನವನು ಹಾರನ್ ಒತ್ತುತ್ತಾನೆ.
ಸಾಲು ಒಂದು ಲಾರಿಯುದ್ದ ಸರಿಯುತ್ತದೆ.
ಗೇರಿನ ಕುಲುಕಿಗೆ ಮೂಳೆ ಹೊರಳಿ
ಮೇಕೆಯಾಗುತ್ತದೆ, ಪ್ರತಿ ಸಲವೂ;
ಅದರ ಭಾರ ಇರುವುದೇ ಆ ಕಡೆ.
ಹೆಬ್ಬೆರಳಿಂದ ತಿರುಗಿಸಿ
ಕುದುರೆ ಮಾಡಿ ಇಡುತ್ತೇನೆ.
ಮೋಸ, ಅನ್ನುತ್ತಾನೆ ಪಕ್ಕದ ಕಿಟಕಿಯಿಂದ ಬಾತ್ಸೂರಿ.
ಹೌದಪ್ಪ, ಅನ್ನುತ್ತೇನೆ.
ಗಡಿಗೆ ಇನ್ನೂ ಆರುನೂರು ಲಾರಿ.